ಮನೆ ಮುಂದಿನ ಕಡಲು, ದಾಟಬಾರದ ಕಡಲು

ಮರವಂತೆಯ ರಸ್ತೆಯ ಫೋಟೋ ನೋಡದ ಕನ್ನಡಿಗರು ಇರಲಿಕ್ಕಿಲ್ಲ. ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ (ಮೊದಲು ೧೭, ಈಗ ೬೬). ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಗೆ ಮುಖ ಅಂಟಿಸಿಕೊಳ್ಳುವ ಜಾಗ. ಆ ಫೋಟೋಗಳಲ್ಲಿ ಕಾಣದ ವಿಷಯ ಒಂದಿದೆ, ಇವತ್ತು ಅದನ್ನು ಬರೆಯೋಣ ಅನ್ನಿಸಿತು. ಈ ಕಡಲನ್ನು ದಿನಾ ನೋಡುತ್ತಾ, ಅದರ ಗಾಳಿ ಕುಡಿಯುತ್ತಾ ಬೆಳೆದ ನಮ್ಮಂಥ ಎಷ್ಟೋ ಮನೆಗಳಲ್ಲಿ ಅದನ್ನು ದಾಟುವುದು ಪಾಪವಾಗಿತ್ತು. ಓದಲಿಕ್ಕೆ ಹೋದರೂ ಪಾಪವೇ!

ನಾನು ಇಂಗ್ಲೆಂಡಿಗೆ ಓದಲು ಹೋದದ್ದು ೨೦೦೩ರಲ್ಲಿ. ಆಗ ಮನೆಯಲ್ಲಿ ಪಾಪ ಪುಣ್ಯದ ಮಾತು ಯಾರೂ ಎತ್ತಲಿಲ್ಲ. ಅಜ್ಜಿ ಕೇಳಿದ್ದು ಒಂದೇ, "ಅಲ್ಲ್ ಕುಚ್ಚಕ್ಕಿ ಸಿಕ್ಕತ್ತಾ?" ಸಿಗಲಿಲ್ಲ. ಮೊದಲ ಮೂರು ತಿಂಗಳು ಬ್ರೆಡ್ಡು, ಬೇಯಿಸಿದ ಬಟಾಟೆ, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಡಿಸೆಂಬರಿನಲ್ಲಿ ಫೋನ್ ಕಾರ್ಡು ಗೀಚಿ ನಂಬರು ಒತ್ತುತ್ತಾ ನಿಂತಾಗ ಕಣ್ಣಲ್ಲಿ ನೀರು ಬಂದದ್ದೂ ಉಂಟು. ಅದೆಲ್ಲ ನಿಮಗೂ ಗೊತ್ತಿರುವುದೇ, ಪರದೇಶದಲ್ಲಿ ಕೂತು ಬರೆಯುವ ಅರ್ಧ ಜನ ಅದನ್ನೇ ಬರೆದಿದ್ದೀರಿ :)

ಆದರೆ ಹೊರಡುವ ಹಿಂದಿನ ವಾರ ನಡೆದದ್ದು ಬೇರೆ. ನಮ್ಮ ಅಜ್ಜನ ಅಣ್ಣ, ನಾವು ದೊಡ್ಡಜ್ಜ ಎನ್ನುತ್ತಿದ್ದವರು, ಆಗ ಎಂಬತ್ತೆಂಟರ ಆಸುಪಾಸು. ಕರೆದು ಹತ್ತಿರ ಕೂರಿಸಿಕೊಂಡು, "ವಿಮಾನವಾ? ಹಡಗಲ್ಲಾ?" ಎಂದರು. ವಿಮಾನ ಎಂದೆ. "ಹಾಂಗಾರೆ ಕಡಲ್ ಮುಟ್ಟೂದಿಲ್ಲ ಅಂತಾಯ್ತ್" ಅಂತ ನಕ್ಕರು. ತಮಾಷೆ ಅಂದುಕೊಂಡಿದ್ದೆ. ಆಮೇಲೆ ಅಪ್ಪ ಹೇಳಿದರು: ೧೯೩೭ರಲ್ಲಿ ದೊಡ್ಡಜ್ಜನಿಗೆ ವಿಲಾಯತಿಗೆ ಹೋಗಿ ಓದುವ ಅವಕಾಶ ಬಂದಿತ್ತಂತೆ. ದುಡ್ಡು ಕೊಡುವವರೂ ಇದ್ದರಂತೆ. ಹೋದರೆ ಹಿಂದಿರುಗಿದ ಮೇಲೆ ಮನೆಯವರ ಪಂಕ್ತಿಯಲ್ಲಿ ಊಟಕ್ಕಿಲ್ಲ, ತಂಗಿಯರ ಮದುವೆಗೂ ತೊಡಕು ಎಂದು ಹಿರಿಯರು ಕೂತು ತೀರ್ಮಾನ ಮಾಡಿದರು. ದೊಡ್ಡಜ್ಜ ಶಾಲೆ ಮಾಸ್ತರಿಕೆ ಮಾಡಿ ರಿಟೈರ್ ಆದರು. ಅದರ ಬಗ್ಗೆ ಅವರು ಒಂದು ಮಾತೂ ಆಡಿದ್ದನ್ನು ನಾವ್ಯಾರೂ ಕೇಳಿಲ್ಲ.

ಈ ನಿಯಮ ಎಲ್ಲಿಂದ ಬಂತು ಎಂದು ಅಂದಿನಿಂದ ಹುಡುಕುತ್ತಾ ಬಂದೆ. ಬೌಧಾಯನ ಧರ್ಮಸೂತ್ರದಲ್ಲಿ ಪತಿತರನ್ನಾಗಿಸುವ ಕೆಲಸಗಳ ಪಟ್ಟಿಯಲ್ಲಿ ಸಮುದ್ರಯಾನ ಇದೆ. ಮಜಾ ಏನೆಂದರೆ ಅದೇ ಗ್ರಂಥ ಇನ್ನೊಂದು ಕಡೆ ಸಮುದ್ರಯಾನವನ್ನು ಉತ್ತರದವರ ಆಚಾರ ಎಂದು ಹೇಳುತ್ತದೆ! ಮನುಸ್ಮೃತಿ ಕಡಲಯಾನ ಮಾಡಿದವನನ್ನು ಶ್ರಾದ್ಧದ ಊಟಕ್ಕೆ ಕರೆಯಬಾರದವರ ಸಾಲಿಗೆ ಸೇರಿಸುತ್ತದೆ. ಅಂದರೆ ಹೋಗುವವರು ಹೋಗುತ್ತಲೇ ಇದ್ದರು. ಯಾರೂ ಹೋಗದಿದ್ದರೆ ನಿಷೇಧವಾದರೂ ಯಾಕೆ ಬೇಕಿತ್ತು?

ನಮ್ಮ ಕರಾವಳಿಯಂತೂ ಕಡಲಿಗೇ ಹುಟ್ಟಿದ್ದು. ೧೨ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಆಳು ಬೊಮ್ಮ ಒಡೆಯನ ಕೆಲಸದ ಮೇಲೆ ಏಡನ್‌ವರೆಗೆ ಹೋಗಿದ್ದು ಕೈರೋದಲ್ಲಿ ಸಿಕ್ಕ ಹಳೆಯ ಪತ್ರಗಳಲ್ಲಿದೆ (ಅಮಿತಾವ್ ಘೋಷ್ ಪುಸ್ತಕ ಓದಿದವರಿಗೆ ಗೊತ್ತು). ಕುಂದಾಪುರದ ಮಗ್ಗುಲಲ್ಲೇ ಇರುವ ಬಸರೂರಿನ ಅಕ್ಕಿಗೆ ಪೋರ್ಚುಗೀಸರು ಕಾದು ಕೂರುತ್ತಿದ್ದರು, ೧೬೬೫ರಲ್ಲಿ ಶಿವಾಜಿ ಹಡಗಿನಲ್ಲೇ ಬಂದು ಅದನ್ನು ಲೂಟಿ ಮಾಡಿದ. ಮರವಂತೆ, ಗಂಗೊಳ್ಳಿಯ ಮೊಗವೀರರು, ಖಾರ್ವಿಗಳು ಇವತ್ತಿಗೂ ಬೆಳಗಾದರೆ ಕಡಲಿನಲ್ಲೇ. ಅವರಿಗೆ ಪಂಚಗವ್ಯ ಕುಡಿಸಿದವರು ಯಾರೂ ಇಲ್ಲ! ಈ ನಿಷೇಧ ಮೇಲ್ಜಾತಿಯ ಕೆಲವು ಮನೆಗಳ ಹೊಸ್ತಿಲಿನದು. ಬ್ರಿಟಿಷರ ಕಾಲದಲ್ಲಿ ವಿಲಾಯತಿಯ ಡಿಗ್ರಿಗೆ ಬೆಲೆ ಬಂದದ್ದೂ ಹೆಚ್ಚಾಗಿ ಅದೇ ಮನೆಗಳ ಹುಡುಗರಿಗೆ. ಜಗಳ ಹತ್ತಿಕೊಂಡದ್ದು ಅಲ್ಲಿ.

ಗಾಂಧೀಜಿಯ ಕಥೆ ಎಲ್ಲರೂ ಕೇಳಿದ್ದೇ. ೧೮೮೮ರಲ್ಲಿ ಲಂಡನ್ನಿಗೆ ಹೊರಟಾಗ ಮುಂಬಯಿಯಲ್ಲಿ ಮೋಢ ಬನಿಯಾ ಜಾತಿಯ ಸಭೆ ಸೇರಿ ಬಹಿಷ್ಕಾರ ಹಾಕಿತು. ಬಂದರಿಗೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ನಮ್ಮ ಕಡೆಯವರಲ್ಲಿ, ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ ಅದಕ್ಕೂ ಮೊದಲೇ, ೧೮೮೫ರಲ್ಲಿ, ಇಂಡಿಯಾದ ಪರ ಮಾತಾಡಲು ಇಂಗ್ಲೆಂಡಿಗೆ ಹೋಗಿ ಬಂದರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನೆಗಲ್ ನರಸಿಂಗ ರಾಯರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋಗಿ, ೧೯೧೦ರಲ್ಲಿ ಐಸಿಎಸ್ ಸೇರಿದರು. ನಮ್ಮ ಸಂವಿಧಾನದ ಮೊದಲ ಕರಡು ಬರೆದ ಬಿ. ಎನ್. ರಾವ್ ಇವರೇ. ಇವರನ್ನೂ ಯಾರಾದರೂ ಹಿಡಿದು ಕೂರಿಸಿದ್ದರೆ? ಒಬ್ಬ ಒಳ್ಳೆಯ ಮಾಸ್ತರರು ಸಿಗುತ್ತಿದ್ದರೇನೋ...

ದೊಡ್ಡಜ್ಜ ಉಳಿದುಕೊಂಡ ಹೊತ್ತಿಗೇ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿದ್ದರು. ಅವರು ಸವಣೂರಿನವರು, ಬಯಲುಸೀಮೆ. ಆ ಪ್ರಯಾಣ ಅವರಿಂದ 'ಸಮುದ್ರದಾಚೆಯಿಂದ' ಬರೆಸಿತು, ಮುಂದೆ 'ಸಮುದ್ರ ಗೀತೆಗಳು' ಕೂಡ ಬಂತು. ಕಡಲೇ ಇಲ್ಲದ ಊರಿನವರು ಕಡಲಿನ ಮೇಲೆ ಕವನ ಬರೆದರು, ಕಡಲ ಬಾಯಲ್ಲೇ ಇದ್ದ ನಮ್ಮ ಮನೆಯವರು ಅದಕ್ಕೆ ಬೆನ್ನು ಹಾಕಿ ಕೂತರು. ಇದು ನನ್ನ ಸ್ವಂತ ಹೊಟ್ಟೆಯುರಿ, ಅಷ್ಟೇ.

ಹೆಣ್ಣುಮಕ್ಕಳ ಮಾತು ಈ ಕಥೆಗಳಲ್ಲಿ ಬರುವುದೇ ಕಡಿಮೆ. ನಂಜನಗೂಡಿನ ಕಡೆಯ ರಾಜೇಶ್ವರಿ, ಮುಂದೆ ರಾಜೇಶ್ವರಿ ಚಟರ್ಜಿ, ೧೯೪೭ರ ಜುಲೈನಲ್ಲಿ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಹೊರಟರು. ವಯಸ್ಸು ಇಪ್ಪತ್ತೈದು. ಅದೂ ಒಬ್ಬರೇ, ಆ ಕಾಲಕ್ಕೆ! ಡಾಕ್ಟರೇಟ್ ಪಡೆದು ೧೯೫೩ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಮೈಕ್ರೋವೇವ್ ಪಾಠ ಹೇಳಿದರು. ಅವರ ಹೆಸರು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಗಿರೀಶ ಕಾರ್ನಾಡರು ೧೯೬೦ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೊರಟಾಗ ಮನೆಯಲ್ಲಿ ಬಹಿಷ್ಕಾರದ ಭಯ ಇರಲಿಲ್ಲ, ಆದರೆ ಹುಡುಗ ತಿರುಗಿ ಬರುತ್ತಾನೋ ಇಲ್ಲವೋ, ಬಿಳಿ ಹುಡುಗಿಯನ್ನು ಕಟ್ಟಿಕೊಂಡು ಬರುತ್ತಾನೋ ಎಂಬ ಕಳವಳ ಇತ್ತು. ಆ ತಳಮಳದಲ್ಲಿ ಅವರು ಬರೆದದ್ದು 'ಯಯಾತಿ'. ಇಂಗ್ಲಿಷ್ ಕವಿ ಆಗಬೇಕೆಂದಿದ್ದವರು ಹೊರಡುವ ಮುಂಚೆ ಕೂತು ಬರೆದದ್ದು ಕನ್ನಡ ನಾಟಕ, ಅದರಲ್ಲೂ ಅಪ್ಪನಿಗಾಗಿ ಮಗ ಯೌವನ ಕೊಡುವ ಕಥೆ! ದೊಡ್ಡಜ್ಜ ಕೊಟ್ಟದ್ದೂ ಅದನ್ನೇ ಅಲ್ಲವೇ ಅಂತ ನನಗೆ ಅನ್ನಿಸುತ್ತದೆ.

ಇನ್ನು ಅನಂತಮೂರ್ತಿಯವರು. ಘಟ್ಟದ ಮೇಲಿನ ತೀರ್ಥಹಳ್ಳಿ ಸೀಮೆಯವರು, ನಮ್ಮ ಮೊಗೇರಿಯ ಗೋಪಾಲಕೃಷ್ಣ ಅಡಿಗರ ಗರಡಿಯಲ್ಲಿ ಪಳಗಿದವರು. ೧೯೬೩ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಸಿಕ್ಕಿ ಬರ್ಮಿಂಗ್‌ಹ್ಯಾಮಿಗೆ ಹೋದರು, ಪಿಎಚ್‌ಡಿಗೆ. ಅಲ್ಲಿ ಒಂದು ಸಂಜೆ ಬರ್ಗ್‌ಮನ್ನನ 'ಸೆವೆಂತ್ ಸೀಲ್' ನೋಡಿದರು. ಸಬ್‌ಟೈಟಲ್ ಇಲ್ಲ. ಪ್ಲೇಗು, ಸಾವು, ದೇವರ ಮೇಲಿನ ಸಂಶಯ. ಗುರು ಮಾಲ್ಕಮ್ ಬ್ರಾಡ್‌ಬರಿಯ ಹತ್ತಿರ ಅವರು ಹೇಳಿದ ಮಾತಿನ ಸಾರ: ನಿಮಗೆ ಮಧ್ಯಯುಗ ಎಂದರೆ ಪುಸ್ತಕದಿಂದ ಕಟ್ಟಿಕೊಳ್ಳಬೇಕಾದದ್ದು, ನನಗೆ ಅದು ಬದುಕಿದ ಅನುಭವ. ಹಾಗಾದರೆ ಅದನ್ನೇ ಬರಿ ಎಂದರು ಬ್ರಾಡ್‌ಬರಿ. 'ಸಂಸ್ಕಾರ' ಹುಟ್ಟಿದ್ದು ಹೀಗೆ, ೧೯೬೫ರಲ್ಲಿ ಅಚ್ಚಾಯಿತು.

ಸ್ವಲ್ಪ ಯೋಚಿಸಿ ನೋಡಿ. ಕೋಣೆಯ ಹೊರಗೆ ಪರದೇಶದ ಚಳಿ, ಬಾಯಲ್ಲಿ ದಿನವಿಡೀ ಇಂಗ್ಲಿಷು, ಬರೆಯುವುದು ಮಾತ್ರ ಕನ್ನಡದಲ್ಲಿ, ಅದೂ ಅಗ್ರಹಾರದ ಕಥೆ. ಆಚಾರ ಕೆಟ್ಟವನು ಸತ್ತರೆ ಅವನ ಹೆಣ ಸುಡುವವರು ಯಾರು ಎಂಬ ಪ್ರಶ್ನೆ. ಜಾತಿಯಿಂದ ಹೊರಗೆ ಹಾಕುವುದು ಅಂದರೆ ಕೊನೆಗೆ ಅದೇ ಪ್ರಶ್ನೆ, ಕಡಲು ದಾಟಿ ಬಂದವರಿಗೂ ಅದೇ ಹೆದರಿಕೆ ಹಾಕುತ್ತಿದ್ದದ್ದು. ಅದನ್ನು ಕಡಲಿನ ಆಚೆ ದಡದಲ್ಲಿ ಕೂತು ಬರೆಯಲಾಯಿತು. ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ೧೯೭೦ರಲ್ಲಿ ಅದು ಸಿನಿಮಾ ಆದಾಗ ಪ್ರಾಣೇಶಾಚಾರ್ಯ ಆದದ್ದು ಆಕ್ಸ್‌ಫರ್ಡಿನಿಂದ ಬಂದ ಕಾರ್ನಾಡ್. ೧೯೭೬ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ೧೯೫೯ರಲ್ಲೇ ಇಂಡಿಯಾನಾಕ್ಕೆ ಓದಲು ಹೋಗಿ ಆ ಕಡೆಯೇ ಉಳಿದ ಎ. ಕೆ. ರಾಮಾನುಜನ್. ಮೂರು ಜನ ಕಡಲು ದಾಟಿದ ವಿದ್ಯಾರ್ಥಿಗಳು, ಒಂದು ಅಗ್ರಹಾರ!

ನನಗೂ ಅಲ್ಲಿ ಆದದ್ದು ಇದೇ, ಬಹಳ ಸಣ್ಣ ಮಟ್ಟದಲ್ಲಿ. ಊರಲ್ಲಿದ್ದಾಗ ಕುಂದಾಪ್ರ ಕನ್ನಡ ಮಾತಾಡಲು ನಾಚಿಕೆ, ಬೆಂಗಳೂರಿನವರು ನಗುತ್ತಾರೆಂದು. ಇಂಗ್ಲೆಂಡಿನಲ್ಲಿ ಒಂದು ದಿನ ಬಸ್ ಸ್ಟಾಪಿನಲ್ಲಿ ಯಾರೋ ಫೋನಿನಲ್ಲಿ "ಹ್ವಾಯ್, ಎಂತ ಮಾರಾಯ್ರೆ" ಎಂದದ್ದು ಕೇಳಿ ಓಡಿಹೋಗಿ ಮಾತಾಡಿಸಿದೆ. ಉಪ್ಪುಂದದವರು! ಆ ಭಾನುವಾರ ಅವರ ಮನೆಯಲ್ಲಿ ಗಂಜಿ ಊಟ. ಕುಚ್ಚಕ್ಕಿ ಯಾವ ಊರಿನ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ತಿಳಿದದ್ದೂ ಅವರಿಂದಲೇ, ಮಲಯಾಳಿಗಳ ಅಂಗಡಿ.

ಕಡಲಿನ ಮೈಲಿಗೆ ಮುಗಿದ ಅಧ್ಯಾಯ ಅಂದುಕೊಂಡಿದ್ದೆ. ೨೦೦೮ರ ಜನವರಿಯಲ್ಲಿ ಉಡುಪಿಯಲ್ಲಿ ಪುತ್ತಿಗೆ ಶ್ರೀಗಳ ಪರ್ಯಾಯ ಬಂತು. ಅವರು ವಿದೇಶಕ್ಕೆ ಹೋಗಿ ಬಂದವರು, ಕೃಷ್ಣನನ್ನು ಮುಟ್ಟಿ ಪೂಜೆ ಮಾಡಬಾರದು ಎಂದು ಉಳಿದ ಮಠಗಳಿಂದ ಆಕ್ಷೇಪ. ಪೇಪರಿನಲ್ಲಿ ದಿನಾ ಅದೇ ಸುದ್ದಿ. ಬೆಂಬಲಿಸಿ, ವಿರೋಧಿಸಿ ಇಂಟರ್‌ನೆಟ್ಟಿನಲ್ಲಿ ಬರೆದವರಲ್ಲಿ ಎಷ್ಟೋ ಜನ ಅಮೆರಿಕದಲ್ಲೇ ಕೂತಿದ್ದರು. ೨೦೨೪ರ ಜನವರಿಯಲ್ಲಿ ಅವರು ಮತ್ತೆ ಪರ್ಯಾಯ ಪೀಠ ಏರಿದರು.

ದೊಡ್ಡಜ್ಜ ತೀರಿಕೊಂಡದ್ದು ನಾನು ಇಂಗ್ಲೆಂಡಿನಲ್ಲಿ ಇದ್ದಾಗಲೇ. ಅವರ ಟ್ರಂಕಿನಲ್ಲಿ ಹಳೆಯ ಇಂಗ್ಲಿಷ್ ಡಿಕ್ಷನರಿ, ಎರಡು ಅಟ್ಲಾಸು ಸಿಕ್ಕವು. ಅಟ್ಲಾಸಿನಲ್ಲಿ ಮುಂಬಯಿಯಿಂದ ಏಡನ್, ಸೂಯೆಜ್, ಮಾರ್ಸೇಲ್ಸ್ ದಾಟಿ ಲಂಡನ್ನಿನವರೆಗೆ ಪೆನ್ಸಿಲಿನಲ್ಲಿ ಎಳೆದ ಗೆರೆ ಇದೆ. ನಿಮ್ಮ ಮನೆಗಳಲ್ಲೂ ಹೀಗೆ ಹೋದವರ, ಹೋಗದೆ ಉಳಿದವರ ಕಥೆಗಳು ಇದ್ದೇ ಇರುತ್ತವೆ. ಹಿರಿಯರು ಇರುವಾಗಲೇ ಕೇಳಿ, ಬರೆಯಿರಿ, ನಾನಂತೂ ಓದುತ್ತೇನೆ.