ತಾಳವಾಡಿ ಬೆಟ್ಟಗಳ ಸೈಕಲ್ ಯಾನ
ತಮಿಳುನಾಡಿನ ಈರೋಡ್ ಜಿಲ್ಲೆಯ ಕನ್ನಡ ಸೀಮೆಯಾದ ತಾಳವಾಡಿಯ ಕಾಡುಬೆಟ್ಟಗಳಲ್ಲಿ, ಸಾಮಾನನ್ನೆಲ್ಲ ಸೈಕಲ್ಲಿಗೇ ಬಿಗಿದುಕೊಂಡು ಮಾಡುವ ಪಯಣ. ಬಣ್ಣಾರಿಯಿಂದ ದಿಂಬಂವರೆಗಿನ 27 ಕಡಿದಾದ ತಿರುವುಗಳ ಘಾಟಿಯೇ ಇದರ ನಿಜವಾದ ಪರೀಕ್ಷೆ. ತಿರುವುಗಳಲ್ಲಿ ಭಾರದ ಲಾರಿಗಳು ರಸ್ತೆಯ ಅಗಲವನ್ನೆಲ್ಲ ಬಳಸುವುದರಿಂದ, ಸವಾರರು ನಿಂತು ದಾರಿ ಬಿಡುವುದು ಒಳ್ಳೆಯದು. ಚಾಮರಾಜನಗರದ ಕಡೆಯಿಂದ ಬರುವವರಿಗೆ ಏರು ಅಷ್ಟು ಕಠಿಣವಲ್ಲ. ಘಾಟಿ ಏರಿದರೆ ಮೇಲೆ ಹಾಸನೂರು, ತಲಮಲೆ ಊರುಗಳು. ತಾಳವಾಡಿ ಬಯಲಿನಲ್ಲಿ ಹೊಲಗದ್ದೆಗಳು, ಕನ್ನಡದ ನಟ ರಾಜ್‌ಕುಮಾರ್ ಹುಟ್ಟೂರು ಗಾಜನೂರು.

ಈ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಅನುಮತಿಯಿಲ್ಲದೆ ಒಳಗೆ ಡೇರೆ ಹಾಕುವಂತಿಲ್ಲ. ತಂಗಲು ಊರುಗಳೇ ಗತಿ. ಹಾಸನೂರು ಸುತ್ತ ಆನೆಗಳು ಕಬ್ಬಿನ ಲಾರಿಗಳಿಗಾಗಿ ರಸ್ತೆಬದಿಯಲ್ಲಿ ಕಾಯುತ್ತವೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಿಂದ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸೈಕಲ್ ಸವಾರರೂ ಹಗಲಲ್ಲೇ ಕಾಡು ದಾಟಬೇಕು.