ಕಪ್ಪು ತೀರದ ಮರುಹುಟ್ಟು

1971ರ ‘ಗೆಟ್ ಕಾರ್ಟರ್’ ಚಿತ್ರದ ಕೊನೆಯ ದೃಶ್ಯದಲ್ಲಿ ಕಾಣುವ ಕಡಲತೀರ ಕಡುಗಪ್ಪು. ತಂತಿಯ ಮೇಲೆ ತೂಗುತ್ತ ಬರುವ ಬಕೆಟ್ಟುಗಳು ಒಂದೊಂದಾಗಿ ಕಲ್ಲುಮಣ್ಣನ್ನು ನೀರಿಗೆ ಸುರಿಯುತ್ತವೆ. ಅದು ಸಿನಿಮಾದವರು ಹಾಕಿದ ಸೆಟ್ ಅಲ್ಲ. ಈಶಾನ್ಯ ಇಂಗ್ಲೆಂಡಿನ ಡರ್ಹಾಮ್ ಕೌಂಟಿಯ ಬ್ಲ್ಯಾಕ್‌ಹಾಲ್ ತೀರ ಆಗ ಇದ್ದದ್ದೇ ಹಾಗೆ.

ಇಲ್ಲಿನ ಕಲ್ಲಿದ್ದಲು ಗಣಿಗಳು ಸಮುದ್ರದ ಅಂಚಿನಲ್ಲೇ ಬಾಯ್ದೆರೆದಿದ್ದವು, ಸುರಂಗಗಳು ಕಡಲತಳದ ಕೆಳಗೂ ಚಾಚಿದ್ದವು. ಇದ್ದಲಿನ ಜೊತೆ ಮೇಲೆ ಬಂದ ಕಲ್ಲು, ಜೇಡಿಯನ್ನು ಸುರಿಯಲು ಸಮುದ್ರಕ್ಕಿಂತ ಅಗ್ಗದ ಜಾಗ ಇರಲಿಲ್ಲ. ಈಸಿಂಗ್ಟನ್, ಹಾರ್ಡನ್, ಡಾಡನ್, ಎಲ್ಲೆಡೆಯೂ ಇದೇ ರೂಢಿ. ದಶಕಗಳು ಉರುಳಿದಂತೆ ಮರಳು ಮುಚ್ಚಿಹೋಗಿ ಕಪ್ಪು ದಿಬ್ಬ ಎದ್ದಿತು.

ಹಾಗೆಂದು ಗಣಿಕಾರ್ಮಿಕರನ್ನು ದೂರುವಂತಿಲ್ಲ; ಅವರು ಜೀವವನ್ನೇ ಪಣಕ್ಕಿಟ್ಟು ದುಡಿದವರು. 1951ರ ಮೇ 29ರಂದು ಈಸಿಂಗ್ಟನ್ ಗಣಿಯ ಸ್ಫೋಟ 83 ಜೀವಗಳನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಇಬ್ಬರು, ಒಳಗೆ ಸಿಕ್ಕಿಬಿದ್ದವರನ್ನು ಉಳಿಸಲು ಇಳಿದವರು. 1993ರಲ್ಲಿ ಆ ಗಣಿಯೂ ಮುಚ್ಚಿತು. ಕೂಲಿ ಹೋಯಿತು, ಕಸ ಉಳಿಯಿತು.

ಅದಕ್ಕೂ ಮೊದಲೇ, 1988ರಲ್ಲಿ, ನಿಸರ್ಗ, ಪರಂಪರೆ ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಹಾರ್ಡನ್ ತೀರವನ್ನು ಕೇವಲ 1 ಪೌಂಡ್ ಕೊಟ್ಟು ಕೊಂಡಿತ್ತು. ದೇಶದ ಚೆಲುವಾದ ಕಡಲಂಚುಗಳನ್ನು ಕಾಪಾಡಲು ಹುಟ್ಟಿದ ಟ್ರಸ್ಟಿನ ಆಂದೋಲನ ತಾನು ಕೊಂಡ 500ನೇ ಮೈಲಿಯಾಗಿ ಇಂಥ ಕೊಳಕು ತೀರವನ್ನು ಆರಿಸಿಕೊಂಡದ್ದು ದೊಡ್ಡ ಮನಸ್ಸಿನ ಕೆಲಸ. ದೊಡ್ಡ ದುಡ್ಡು ಬಂದದ್ದು 1997ರಲ್ಲಿ, ‘ಟರ್ನಿಂಗ್ ದ ಟೈಡ್’ ಯೋಜನೆಯೊಂದಿಗೆ. ಸುಮಾರು 1 ಕೋಟಿ ಪೌಂಡ್ ವೆಚ್ಚದ ಈ ಕೆಲಸದಲ್ಲಿ ಈಸಿಂಗ್ಟನ್, ಹಾರ್ಡನ್ ತೀರಗಳಿಂದ ಸುಮಾರು 13 ಲಕ್ಷ ಟನ್ ಗಣಿತ್ಯಾಜ್ಯ ತೆಗೆದರು. 2001ರಲ್ಲಿ ಈ ಕಡಲಂಚಿಗೆ ಪಾರಂಪರಿಕ ತೀರದ ಮಾನ್ಯತೆಯೂ ಸಿಕ್ಕಿತು.

ಉಳಿದದ್ದನ್ನು ಅಲೆಗಳೇ ಕೊರೆದು ಒಯ್ಯುತ್ತಿವೆ. ಅದರಲ್ಲೂ ಒಂದು ತೊಡಕಿದೆ: ತ್ಯಾಜ್ಯದ ದಿಬ್ಬ ಸುಣ್ಣಕಲ್ಲಿನ ಕಡಿಬಂಡೆಗೆ ತಡೆಗೋಡೆಯಂತೆ ನಿಂತಿತ್ತು. ದಿಬ್ಬ ಕರಗಿದಲ್ಲಿ ಅಲೆಯ ಹೊಡೆತ ನೇರವಾಗಿ ಬಂಡೆಯ ಬುಡಕ್ಕೇ ಬೀಳುತ್ತದೆ.

ಪಕ್ಕದ ಸೀಹ್ಯಾಮ್ ಊರಿನ ಕಸದ ಕಥೆ ಬೇರೆ. 1853ರಲ್ಲಿ ಜಾನ್ ಕ್ಯಾಂಡ್ಲಿಷ್ ಅಲ್ಲಿ ಬಾಟಲಿ ಕಾರ್ಖಾನೆ ತೆರೆದ. 1921ರಲ್ಲಿ ಅದು ಮುಚ್ಚುವವರೆಗೂ ಒಡಕು ಗಾಜು, ಮಿಕ್ಕ ಗಾಜಿನ ಪಾಕ ಎಲ್ಲವೂ ಸಮುದ್ರದ ಪಾಲು. ನೂರು ವರ್ಷದ ಅಲೆಯ ಉಜ್ಜಾಟಕ್ಕೆ ಅಂಚು ಸವೆದು, ಮೈ ಮಂಜುಗಟ್ಟಿದಂತಾದ ಆ ಚೂರುಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಬಟಾಣಿ ಗಾತ್ರದ ಹಸಿರು, ಬಿಳಿ ಹರಳು ಬೇಕಾದಷ್ಟು ಸಿಗುತ್ತವೆ. ಒಂದೇ ಚೂರಿನಲ್ಲಿ ಎರಡು ಮೂರು ಬಣ್ಣ ಸುತ್ತಿಕೊಂಡದ್ದು ಸಿಕ್ಕರೆ ಅದೃಷ್ಟ. ಅಲೆ ಹಿಂದೆ ಸರಿದ ಹೊತ್ತಿನಲ್ಲಿ ಜನ ಬಗ್ಗಿ ಬಗ್ಗಿ ಆರಿಸುತ್ತಾರೆ, ಕೆಲವರು ಬೆಳ್ಳಿಯಲ್ಲಿ ಕಟ್ಟಿ ಓಲೆ, ಪದಕ ಮಾಡುತ್ತಾರೆ.

ಈಗ ಸೀಹ್ಯಾಮ್‌ನಿಂದ ಕ್ರಿಮ್ಡನ್‌ವರೆಗೆ ಸುಮಾರು 11 ಮೈಲಿ ಕಾಲುದಾರಿ ಇದೆ. ಕ್ರಿಮ್ಡನ್‌ನ ಬಯಲು ಮರಳಿನಲ್ಲಿ ಹಲವು ವರ್ಷ ಪುಟ್ಟ ರೀವ ಹಕ್ಕಿಗಳು ಮೊಟ್ಟೆ ಇಡುತ್ತಿದ್ದವು. ಬೇಸಿಗೆಯ ಆ ತಿಂಗಳುಗಳಲ್ಲಿ ಅಲ್ಲಿ ಬೇಲಿ ಕಟ್ಟಿ, ನರಿ ಮತ್ತು ನಾಯಿಗಳು ಹತ್ತಿರ ಸುಳಿಯದಂತೆ ಸ್ವಯಂಸೇವಕರು ಕಾವಲಿರುತ್ತಿದ್ದರು.