ಕಲ್ಲು, ಓಲೆಗರಿ, ಫ್ಲಾಪಿ

ಬರೆದದ್ದನ್ನು ಕಾಪಾಡುವ ಕೆಲಸ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಗೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ದೊರೆತಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 'ಕವಿರಾಜಮಾರ್ಗ' ಆ ಆಸ್ಥಾನದ ಕೃತಿ. ಕಲ್ಲು, ಓಲೆಗರಿಗಳ ಈ ಸಾಲಿಗೆ ಇಪ್ಪತ್ತನೆಯ ಶತಮಾನ ಸೇರಿಸಿದ್ದು ಫ್ಲಾಪಿಯನ್ನು.

ಫ್ಲಾಪಿ ಎಂದರೇನು? ಚೌಕನೆಯ ಹೊದಿಕೆಯೊಳಗೆ ತೆಳುವಾದ, ಬಾಗುವ ಒಂದು ಪ್ಲಾಸ್ಟಿಕ್ ಬಿಲ್ಲೆ. ಹಾಡಿನ ಕ್ಯಾಸೆಟ್ಟಿನ ಟೇಪಿಗೆ ಇರುವಂತೆ ಇದಕ್ಕೂ ಕಾಂತಗುಣದ ಲೇಪವಿದೆ. 1971ರಲ್ಲಿ ಐಬಿಎಂ ಕಂಪೆನಿ ತಂದಾಗ ಅದರ ಅಗಲ 8 ಅಂಗುಲ. ಅನಂತರ ಐದೂಕಾಲು ಅಂಗುಲದ್ದೂ, ಕೊನೆಗೆ ಅಂಗಿಯ ಜೇಬಿನಲ್ಲಿ ಹಿಡಿಸುವ ಮೂರೂವರೆ ಅಂಗುಲದ್ದೂ ಬಂದವು.

ಮೂರೂವರೆ ಅಂಗುಲದ ಫ್ಲಾಪಿಯನ್ನು ಡ್ರೈವಿಗೆ ಹಾಕಿದರೆ ಬಿಲ್ಲೆ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಅದಕ್ಕೆ ತಾಗಿಕೊಂಡ ಪುಟ್ಟ ತಲೆಯೊಂದು ಲೇಪದ ಕಾಂತದ ದಿಕ್ಕನ್ನು ಬದಲಿಸುತ್ತ ಬರೆಯುತ್ತದೆ. ಆ ಬದಲಾವಣೆಗಳನ್ನೇ ಗುರುತಿಸಿ ಓದುತ್ತದೆ. ಬಿಲ್ಲೆಯ ಪ್ರತಿ ಮಗ್ಗುಲಲ್ಲಿ 80 ವರ್ತುಲಗಳು, ಪ್ರತಿ ವರ್ತುಲದಲ್ಲಿ 18 ಖಾನೆಗಳು, ಪ್ರತಿ ಖಾನೆಯಲ್ಲಿ 512 ಬೈಟುಗಳು. ಎರಡೂ ಮಗ್ಗುಲು ಸೇರಿ 14,74,560 ಬೈಟ್. ಇದನ್ನೇ 1.44 ಎಂಬಿ ಎನ್ನುತ್ತಿದ್ದರು. ಯಾವ ಕಡತ ಯಾವ ಖಾನೆಯಲ್ಲಿದೆ ಎಂಬ ಪಟ್ಟಿ ಅತ್ಯಂತ ಹೊರಗಿನ ವರ್ತುಲದಲ್ಲಿರುತ್ತದೆ. ಅಲ್ಲಿ ಬೂಷ್ಟು ಹಿಡಿದರೆ, ಗೀರು ಬಿದ್ದರೆ, ಉಳಿದ ಬರಹ ಇದ್ದೂ ಇಲ್ಲದಂತೆ.

ಕನ್ನಡದ ಕಡತಗಳಿಗೆ ಇನ್ನೊಂದು ತೊಡಕಿದೆ. 1990ರ ದಶಕದಲ್ಲಿ ಅಚ್ಚುಮನೆಗಳು ಬಳಸುತ್ತಿದ್ದ ಕನ್ನಡ ತಂತ್ರಾಂಶಗಳು ಅಕ್ಷರಗಳಿಗೆ ತಮ್ಮದೇ ಸಂಕೇತಗಳನ್ನು ಕೊಟ್ಟಿದ್ದವು. ಒಂದರ ಬರಹ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿದ್ದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಹೀಗಾಗಿ ಆ ಕಾಲದ ಫ್ಲಾಪಿ ಕೆಡದೆ ಉಳಿದಿದ್ದರೂ, ಅದನ್ನು ಓದಲು ಡ್ರೈವೂ ಬೇಕು, ಆ ಸಂಕೇತಗಳ ಗುಟ್ಟೂ ಬೇಕು.

ಕಲ್ಲಿಗೂ ಇದೇ ಗತಿ ಬಂದಿತ್ತು. ಸನ್ನತಿಯ ಶಾಸನವಿದ್ದ ಕಲ್ಲು ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. 1980ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ ವಿದ್ವಾಂಸರು ಓದಬಲ್ಲವರಾದದ್ದು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟನ್ನು ಬಿಡಿಸಿದ್ದರಿಂದ. 'ಕವಿರಾಜಮಾರ್ಗ'ವನ್ನು ಉಳಿಸಿದ್ದು ಪ್ರತಿಕಾರರು. ಒಂದು ಓಲೆ ಹಾಳಾಗುವ ಮೊದಲೇ ಇನ್ನೊಂದಕ್ಕೆ ನಕಲು ಮಾಡಿಟ್ಟರು. 1898ರಲ್ಲಿ ಅದು ಅಚ್ಚಾಯಿತು.

ಸೋನಿ ಕಂಪೆನಿ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿತು. ಮನೆಯ ಬೀರುವಿನಲ್ಲೋ ಹಳೆಯ ಅಚ್ಚುಮನೆಯಲ್ಲೋ ಫ್ಲಾಪಿಗಳಿದ್ದರೆ ಎಸೆಯಬೇಡಿ. ಯುಎಸ್‌ಬಿ ಡ್ರೈವಿನ ಮೂಲಕ ಈಗಲೂ ಅವನ್ನು ಓದಿಸಬಹುದು, ಹಳೆಯ ಕನ್ನಡ ಸಂಕೇತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ. ಆದರೆ ಬಿಲ್ಲೆಯ ಲೇಪ ಕಲ್ಲಿನಂತೆ ಸಾವಿರಾರು ವರ್ಷ ಕಾಯುವುದಿಲ್ಲ. ನಕಲು ಮಾಡುವ ಕೆಲಸ ಈಗಲೇ ಆಗಬೇಕು.